ಕೊಂದವರ ಅಂಕಣ

ಆ ಪುಸ್ತಕಕ್ಕೆ ಯಾರ ಪುಟ ಸೇರಬೇಕು, ಯಾರ ಪುಟ ಸೇರಬಾರದು ಎಂಬ ನಿಯಮವನ್ನು ಬರೆದವನು ನಾನೇ. ಇದನ್ನು ಮೊದಲೇ ಒಪ್ಪಿಕೊಂಡು ಮುಂದುವರಿಯುವುದು ಮೇಲು; ಏಕೆಂದರೆ ಇಲ್ಲಿ ವಿವರಿಸಲಿರುವ ಹೇಸಿಗೆಯಲ್ಲಿ ನನ್ನ ಪಾಲೂ ಇದೆ.

ಮುಂಬಯಿ ಪಕ್ಕದ ಠಾಣೆ ಊರಿನಲ್ಲಿ ನಾನು ಕಲಿಸುತ್ತಿದ್ದ ಕನ್ನಡ ಶಾಲೆ ಮುಚ್ಚಿದ ಮೇಲೆ ಡೊಂಬಿವಲಿಯ ಒಂದು ಕನ್ನಡ ಸಂಘದ ಕಚೇರಿಯಲ್ಲಿ ಪ್ರಕಟಣೆಯ ಕೆಲಸ ನೋಡಿಕೊಳ್ಳುತ್ತಿದ್ದೆ. ಠಾಣೆಯಿಂದ ಕಲ್ಯಾಣದವರೆಗೆ, ನವಿ ಮುಂಬಯಿಯನ್ನೂ ಸೇರಿಸಿ, ಭಯೋತ್ಪಾದನೆಗೆ ಬಲಿಯಾದ ಕನ್ನಡಿಗರ ಸ್ಮರಣೆಗಾಗಿ ಒಂದು ಪುಸ್ತಕ ತರಬೇಕೆಂದು ಸಂಘ ನಿರ್ಧರಿಸಿತ್ತು. ಒಬ್ಬರಿಗೆ ಒಂದು ಪುಟ. ಮೇಲೆ ಭಾವಚಿತ್ರ, ನಡುವೆ ಬದುಕಿನ ಒಂದು ಪರಿಚ್ಛೇದ, ಕೆಳಗೆ ನಾಲ್ಕು ಅಂಕಣ: ಹೆಸರು, ಸ್ಥಳ, ದಿನ, ಕೊಂದವರು. ಪ್ರತಿಯೊಬ್ಬರಿಗೂ ಒಂದು ಕಾರ್ಡು ಮಾಡಿ, ಮರಣ ಪ್ರಮಾಣಪತ್ರವನ್ನು ನೋಡಿ, ಮನೆಗೆ ಹೋಗಿ ಇಬ್ಬರ ಬಾಯಿಂದ ಕೇಳಿ, ಎರಡೂ ಹೇಳಿಕೆ ಹೊಂದಿದರೆ ಮಾತ್ರ ಬರೆಯುತ್ತಿದ್ದೆ. ನಿಯಮಗಳು ನಾಲ್ಕಿದ್ದವು. ಮೂರನೆಯದು: ಕೊಂದವರು ಯಾವುದೇ ಸರ್ಕಾರಕ್ಕೆ ಸೇರಿದವರಾಗಿರಬಾರದು. ಗಡಿಯಲ್ಲಿ ಮಡಿದ ಸೈನಿಕರಿಗೆ ಬೇರೆ ಗೌರವಗಳಿವೆ, ಅವರು ಇದರಲ್ಲಿ ಬೆರೆಯುವುದು ಬೇಡವೆಂದು ಆ ಗೆರೆಯನ್ನು ಎಳೆದಿದ್ದೆ. ಎಳೆದಾಗ ಬಹಳ ಅಚ್ಚುಕಟ್ಟಾಗಿ ಕಂಡಿತ್ತು.

ಈ ಕುಟುಂಬಗಳು ವರ್ಷಕ್ಕೊಮ್ಮೆ ಸೇರುವ ಸಭೆಯಲ್ಲಿ ಒಂದು ಪದ್ಧತಿ ಬೆಳೆದುಬಂದಿದೆ. ತಮ್ಮ ಮನೆಯವರ ಬಗ್ಗೆ ಯಾರೂ ತಾವೇ ಓದುವುದಿಲ್ಲ. ಮೊದಲ ವರ್ಷ ಒಬ್ಬ ತಾಯಿ ಮಗನ ಹೆಸರನ್ನು ದಾಟಿ ಮುಂದಿನ ಶಬ್ದಕ್ಕೆ ಹೋಗಲಾರದೆ ನಿಂತುಬಿಟ್ಟರು. ಪಕ್ಕದಲ್ಲಿದ್ದವರು ಹಾಳೆ ತೆಗೆದುಕೊಂಡು ಓದಿ ಮುಗಿಸಿದರು. ಅಂದಿನಿಂದ ಅಕಾರಾದಿಯಲ್ಲಿ ತಮ್ಮವರ ನಂತರ ಬರುವವರ ಪುಟವನ್ನು ಆಯಾ ಕುಟುಂಬದವರು ಓದುತ್ತಾರೆ. ಪುಸ್ತಕ ಬಿಡುಗಡೆಯೂ ಹಾಗೆಯೇ ನಡೆಯಬೇಕೆಂದು ತೀರ್ಮಾನವಾಗಿತ್ತು.

ಕೆಲಸ ಮುಕ್ಕಾಲು ಪಾಲು ಮುಗಿದಿದ್ದಾಗ ಒಂದು ಮಧ್ಯಾಹ್ನ ಘಣಸೋಲಿಯಿಂದ ಒಬ್ಬ ಹೆಂಗಸು ಕಚೇರಿಗೆ ಬಂದರು. ಊರು ಉಡುಪಿಯ ಕಡೆ. ಪೋಳಿ-ಭಾಜಿ ಕೇಂದ್ರವೊಂದರಲ್ಲಿ ಚಪಾತಿ ಲಟ್ಟಿಸುವ ಕೆಲಸ. ಪ್ಲಾಸ್ಟಿಕ್ ಫೈಲನ್ನು ಎದೆಗೆ ಒತ್ತಿಕೊಂಡಿದ್ದರು.

"ಮಾಷ್ಟ್ರೇ, ನಿಮ್ಮ ಪುಸ್ತಕದಲ್ಲಿ ನಮ್ಮವರದ್ದೊಂದು ಪುಟ ಆಗಬೇಕಿತ್ತು."

ಕಾರ್ಡು ತೆಗೆದು ಕ್ರಮವಾಗಿ ಕೇಳಿದೆ. ಗಂಡ ಅಡುಗೆಯವರು, ಠಾಣೆ, ವಾಶಿಗಳ ಹೋಟೆಲುಗಳಲ್ಲಿ ದುಡಿದು, ಕೊನೆಗೆ ಸಮುದ್ರದಾಚೆಯ ಒಂದು ಬಂದರಿನಲ್ಲಿ ಕೂಲಿಗಾರರ ಶಿಬಿರದ ಅಡುಗೆಮನೆಗೆ ಸೇರಿದ್ದರು. ಬಂದರಿನ ಮೇಲೆ ನಡೆದ ದಾಳಿಯಲ್ಲಿ ಸತ್ತರು.

"ಕೊಂದವರು?"

ಆಕೆ ಒಂದು ದೇಶದ ಹೆಸರು ಹೇಳಿದರು. ನಾನು ಲೇಖನಿಯನ್ನು ಕಾರ್ಡಿನಿಂದ ಮೇಲೆತ್ತಿದೆ.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದ ತಕ್ಷಣ ಓದುಗರು ಆ ದೇಶದ ಪರ, ವಿರೋಧ ಎಂದು ಎರಡು ಬೆಂಚುಗಳಲ್ಲಿ ಕುಳಿತುಬಿಡುತ್ತಾರೆ. ಅಡುಗೆಯವರು ಮತ್ತೆ ಮರೆಯಾಗುತ್ತಾರೆ. ಜಗತ್ತಿನ ಬಲಿಷ್ಠ ರಾಷ್ಟ್ರಗಳಲ್ಲಿ ಒಂದು ಎಂದರೆ ಸಾಕು.

"ಅಮ್ಮಾ, ನಮ್ಮ ನಿಯಮ..." ಎಂದು ಆರಂಭಿಸಿದೆ.

"ನಿಯಮ ನನಗೆ ಗೊತ್ತಿಲ್ಲ. ಅವರು ಎಂತ ಹೇಳಿದ್ದಾರೆ ಗೊತ್ತುಂಟಾ ನಿಮಗೆ?"

ಫೈಲಿನಲ್ಲಿ ಆ ಸರ್ಕಾರದ ಹೇಳಿಕೆಯ ಅಚ್ಚುಪ್ರತಿ ಇತ್ತು. ಓದಿದೆ. ಬಂದರಿನ ಇಂಧನ ಸಂಗ್ರಹವನ್ನು ಎರಡು ಬಾರಿ ಕ್ಷಿಪಣಿಯಿಂದ ಹೊಡೆದ ಹೊತ್ತುಗಳನ್ನು ನಿಮಿಷದ ಲೆಕ್ಕದಲ್ಲಿ ಕೊಟ್ಟಿದ್ದರು. ಸ್ಥಳದಲ್ಲಿ ಸತ್ತವರೆಲ್ಲ ಉಗ್ರರ ಸಹಾಯಕರೆಂದೂ, ಆ ಬಂದರಿನಲ್ಲಿ ದುಡಿಯಲು ಒಪ್ಪುವ ಯಾರಿಗಾದರೂ ಇದು ಎಚ್ಚರಿಕೆಯಾಗಲಿ ಎಂದೂ ಬರೆದಿದ್ದರು. ನಮ್ಮ ಪತ್ರಿಕೆಗಳು ಅದನ್ನು ಹಾಗೆಯೇ ಎತ್ತಿ ಹಾಕಿದ್ದವು.

ಅಷ್ಟಕ್ಕೆ ಆಕೆಯ ಗಂಡ ಘಣಸೋಲಿಯಲ್ಲಿ ಉಗ್ರರ ಕಡೆಯವರಾಗಿಬಿಟ್ಟಿದ್ದರು. ಮರುವಾರ ನಾನು ಅವರ ಮನೆಗೆ ಹೋದಾಗ ಮೆಟ್ಟಿಲಲ್ಲಿ ಎದುರಾದವರು ಬಾಗಿಲು ತೋರಿಸಿದ ರೀತಿಯಲ್ಲೂ ಮರಾಠಿಯಲ್ಲಿ ಆಡಿಕೊಂಡ ಮಾತಿನಲ್ಲೂ ಅದು ತಿಳಿಯಿತು. ಮಗಳು ಔಷಧದ ಅಂಗಡಿಯಲ್ಲಿ ಕೆಲಸ ಮಾಡುವವಳು. ಕನ್ನಡ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ.

"ದುಕಾನ್ ಮೇ ಪೂಛ್ತೇ ಹೈ ಸರ್, ತೇರಾ ಬಾಪ್ ವಹಾಂ ಬಾಂಬ್ ಬನಾತಾ ಥಾ ಕ್ಯಾ."

"ಅಪ್ಪ ಮಾಡ್ತಿದ್ದದ್ದು ಬಾಂಬಲ್ಲ, ಸಾಂಬಾರು ಅಂತ ಕೇಳಿದವರಿಗೆ ಹೇಳು," ಎಂದರು ತಾಯಿ. ನಗಲಿಲ್ಲ. "ಮಾಷ್ಟ್ರೇ, ನನಗೆ ಬೇರೆ ಎಂತದೂ ಬೇಡ. ಇವರು ಭಯೋತ್ಪಾದಕರ ಕಡೆಯವರಲ್ಲ, ಭಯೋತ್ಪಾದನೆಯಲ್ಲಿ ಸತ್ತವರು ಅಂತ ಒಂದು ಕಡೆ ಅಚ್ಚಾಗಬೇಕು. ಜನ ಅಚ್ಚಾದದ್ದನ್ನು ನಂಬ್ತಾರೆ. ಅವರು ಹೇಳಿದ್ದು ಅಚ್ಚಾಯ್ತು, ನಂಬಿದ್ರು. ನಾವು ಹೇಳಿದ್ದೂ ಅಚ್ಚಾಗ್ಲಿ."

ಫೋನಿನಲ್ಲಿದ್ದ ಗಂಡನ ಕೊನೆಯ ಧ್ವನಿಸಂದೇಶವನ್ನು ಕೇಳಿಸಿದರು. ಹಿನ್ನೆಲೆಯಲ್ಲಿ ಕೂಗಾಟ. ಉಸಿರು ಕಟ್ಟಿದ್ದರೂ ಮಾತು ಸ್ಪಷ್ಟವಾಗಿತ್ತು: "ನನಗೆ ಎಂತ ಆಗಲಿಲ್ಲ, ನೀನು ಹೆದರ್ಬೇಡ. ಅನ್ನ ಬಸಿಯಲಿಕ್ಕೆ ಬಾಕಿ ಉಂಟು. ಟ್ಯಾಂಕಿನ ಹತ್ರ ಇಬ್ಬರು ಬಿದ್ದಿದ್ದಾರೆ, ನೀರು ಕೊಟ್ಟು ಬರ್ತೇನೆ."

ಫೋನಿನಲ್ಲಿ ತೋರಿಸಿದ ಹೊತ್ತು ಮಧ್ಯಾಹ್ನ ಮೂರು ಗಂಟೆ ಐದು ನಿಮಿಷ. ಕಾರ್ಡಿನಲ್ಲಿ ಬರೆದುಕೊಂಡೆ. ಸರ್ಕಾರದ ಹೇಳಿಕೆಯ ಪ್ರಕಾರ ಮೊದಲ ದಾಳಿ ಅಲ್ಲಿನ ಬೆಳಗ್ಗೆ ಹನ್ನೊಂದು ಹತ್ತಕ್ಕೆ, ಎರಡನೆಯದು ಹನ್ನೊಂದು ಐವತ್ತಕ್ಕೆ. ಹಾಗಾದರೆ ಈ ಮನುಷ್ಯ ಎರಡೂ ದಾಳಿಗಳ ನಂತರ ಮೂರು ಗಂಟೆಗೂ ಹೆಚ್ಚು ಕಾಲ ಬದುಕಿದ್ದರು ಎಂದಾಯಿತು. ಜೊತೆಗಿದ್ದ ಕೆಲಸಗಾರರು ಯಾರೂ ಫೋನಿಗೆ ಸಿಗಲಿಲ್ಲ. ಶವಪೆಟ್ಟಿಗೆ ಮೊಹರಾಗಿ ಬಂದಿತ್ತು. 'ಸಾವಿನ ಕಾರಣ ಖಚಿತವಿಲ್ಲ' ಎಂದು ಕಾರ್ಡಿನ ಕೊನೆಯಲ್ಲಿ ದುಂಡಾಗಿ ಬರೆದೆ. ಎಂಥ ಜಾಗರೂಕ ಸಂಪಾದಕ ನಾನು ಎಂಬ ತೃಪ್ತಿಯೂ ಸ್ವಲ್ಪ ಇತ್ತೆಂದು ತೋರುತ್ತದೆ.

ಸಮಿತಿಯ ಸಭೆಯಲ್ಲಿ ಕಾರ್ಡನ್ನು ಓದಿದೆ. ಅಧ್ಯಕ್ಷರು ಘೋಡಬಂದರ್ ರಸ್ತೆಯಲ್ಲಿ ಎರಡು ಸಸ್ಯಾಹಾರಿ ಹೋಟೆಲು ನಡೆಸುವ ಉಡುಪಿಯವರು. ಸಲಹೆಗಾರರು ಬೆಂಗಳೂರಿನಿಂದ ವರ್ಗವಾಗಿ ಬಂದು ಕೇಂದ್ರ ಸರ್ಕಾರದ ಕಚೇರಿಯೊಂದರಿಂದ ನಿವೃತ್ತರಾದವರು. ಮೇಜಿನ ಮೇಲೆ ಬಟಾಟೆವಡೆ ಬಂದಿತ್ತು.

"ಖಚಿತವಿಲ್ಲ ಅಂತ ನೀವೇ ಬರೆದಿದ್ದೀರಲ್ಲ ಮಾಷ್ಟ್ರೇ," ಎಂದರು ಅಧ್ಯಕ್ಷರು. "ಮತ್ತೆ ಎಂತ ಚರ್ಚೆ? ಹೀಗೇ ಬಿಟ್ಟರೆ ನಾಳೆ ಸಿಲಿಂಡರ್ ಸಿಡಿದು ಸತ್ತವರೂ ಬರ್ತಾರೆ."

"ಅದು ಬಿಡಿ. ಮೂರನೇ ನಿಯಮಾನೇ ಅಡ್ಡ ಬರುತ್ತೆ," ಎಂದರು ಸಲಹೆಗಾರರು. "ಸರ್ಕಾರ ಅಂದ್ಮೇಲೆ ಅದಕ್ಕೊಂದು ವಿದೇಶಾಂಗ ನೀತಿ ಇರುತ್ತೆ. ಆ ನೀತಿ ನಮಗೆ ಹಿಡಿಸದೆ ಇರಬಹುದು. ಭಯೋತ್ಪಾದನೆ ಅನ್ನೋಕಾಗುತ್ತಾ ಸಾರ್? ನೀವೇ ಬರೆದ ನಿಯಮ."

ವಡೆಯ ಜೊತೆಗಿನ ಹಸಿಮೆಣಸಿನಕಾಯಿ ಖಾರವಿಲ್ಲ ಎಂಬ ಮಾತು ಅದರ ಬೆನ್ನಿಗೇ ಬಂತು. ಕಾರ್ಡು ಬದಿಗೆ ಸರಿಯಿತು. ನನಗೆ ಅಸಹ್ಯವಾಯಿತು. ಆದರೆ ಅವರ ಕೈಯಲ್ಲಿದ್ದ ಎರಡು ಆಯುಧಗಳನ್ನೂ ನಾನೇ ಮಸೆದು ಕೊಟ್ಟಿದ್ದೆ.

ನಿರಾಕರಣೆಯನ್ನು ಫೋನಿನಲ್ಲಿ ತಿಳಿಸುವುದು ಸರಿಯಲ್ಲವೆಂದು ಮತ್ತೆ ಘಣಸೋಲಿಗೆ ಹೋದೆ. ಕಾರಣಗಳನ್ನು ಕ್ರಮವಾಗಿ ವಿವರಿಸಿದೆ: ದಾಳಿಗಳ ಹೊತ್ತು, ಸಂದೇಶದ ಹೊತ್ತು, ನಡುವಿನ ಮೂರು ಗಂಟೆ.

ಆಕೆ ಮಧ್ಯದಲ್ಲೇ ತಡೆದರು. "ಅದು ಹೇಗೆ ಮಾಷ್ಟ್ರೇ? ಅನ್ನ ಬಸಿದಿರಲಿಲ್ಲ ಅಲ್ವಾ?"

"ಅಂದರೆ?"

"ಅಲ್ಲಿ ಹನ್ನೆರಡಕ್ಕೆ ಊಟದ ಬೆಲ್ಲು. ಹನ್ನೊಂದೂವರೆಗೆ ಅನ್ನ ಬಸಿಯಲೇಬೇಕು. ಮಧ್ಯಾಹ್ನ ಮೂರು ಗಂಟೆವರೆಗೆ ಅನ್ನ ಬಸಿಯದೆ ಕೂತ್ಕೊಳ್ಳುವ ಅಡಿಗೆಯವರನ್ನು ನೀವು ಎಲ್ಲಾದ್ರೂ ನೋಡಿದ್ದೀರಾ? ಕೂಲಿಯವರು ಸೌಟಿನಲ್ಲೇ ಹೊಡೀತಾರೆ ಮಾರಾಯ್ರೆ."

ಒಳಗಿನಿಂದ ಮಗಳು, "ಸರ್, ಫೋನ್ ಪೇ ತೋ ಇಂಡಿಯಾ ಕಾ ಟೈಮ್ ಆತಾ ಹೈ ನಾ," ಎಂದಳು. ಅದು ಪ್ರಶ್ನೆಯಾಗಿರಲಿಲ್ಲ. ಫೋನು ತೋರಿಸಿದ್ದು ನಮ್ಮ ದೇಶದ ಹೊತ್ತು.

ಆ ಬಂದರಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಹಿಂದೆ. ನಮ್ಮ ಮೂರು ಗಂಟೆ ಐದು ನಿಮಿಷವೆಂದರೆ ಅಲ್ಲಿನ ಹನ್ನೊಂದು ಮೂವತ್ತೈದು. ಮೊದಲ ದಾಳಿಯಾಗಿ ಇಪ್ಪತ್ತೈದು ನಿಮಿಷ. ಎರಡನೆಯದಕ್ಕೆ ಇನ್ನೂ ಹದಿನೈದು ನಿಮಿಷ. ಅವರು ನೀರು ಹಿಡಿದು ಹೊರಟದ್ದು ಆ ನಡುವೆ.

ಇಪ್ಪತ್ತು ವರ್ಷ ಮಕ್ಕಳ ಲೆಕ್ಕದಲ್ಲಿ, ವಾಕ್ಯದಲ್ಲಿ ಕೆಂಪು ಗೆರೆ ಎಳೆದವನು ನಾನು. ಒಬ್ಬ ಸತ್ತ ಮನುಷ್ಯನ ವಿಷಯದಲ್ಲಿ ಇಂಥ ಬಾಲಿಶ ತಪ್ಪು ಮಾಡಿ, ಅದನ್ನು ದುಂಡು ಅಕ್ಷರದಲ್ಲಿ ಬರೆದು, ಸಭೆಯಲ್ಲಿ ಗಂಭೀರವಾಗಿ ಓದಿದ್ದೆ. ಠಾಣೆಗೆ ಮರಳುವ ಲೋಕಲಿನಲ್ಲಿ ನನ್ನ ಬಗ್ಗೆಯೇ ನನಗೆ ಹೇಸಿಗೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಈಗ ಸರಿಯಾಗಿ ಕೂಡಿ ಬಂದ ಲೆಕ್ಕದ ಬಗ್ಗೆ. ಎರಡನೆಯ ಕ್ಷಿಪಣಿ ಯಾರಿಗಾಗಿ ಎಂಬ ಪ್ರಶ್ನೆ ಮೊದಲ ಬಾರಿಗೆ ಆಗ ಎದ್ದಿತು.

ಮುಂದಿನ ಸಭೆಗೆ ಹೊಸ ಕಾರ್ಡು ಬರೆದೊಯ್ದೆ. ಹಳೆಯದು ನನ್ನ ತಪ್ಪು ಎಂದು ನಡಾವಳಿಯಲ್ಲಿ ದಾಖಲಿಸಿದೆ. ಮೂರನೆಯ ನಿಯಮವನ್ನು ಕೈಬಿಡಬೇಕೆಂದು ನಾನೇ ಸೂಚಿಸಿದೆ.

ಸಲಹೆಗಾರರು ಈ ಸಲ ವಡೆಯನ್ನು ಮುಟ್ಟದೆ ವಾದಿಸಿದರು. ಅವರ ವಾದ ಹಗುರವಾಗಿರಲಿಲ್ಲ. "ಗುರಿ ಇಂಧನದ ಟ್ಯಾಂಕು. ಭಯೋತ್ಪಾದಕ ಜನರನ್ನೇ ಗುರಿ ಇಡ್ತಾನೆ. ಆ ದೇಶದಲ್ಲಿ ಕೇಳೋಕೆ ಸಂಸತ್ತಿದೆ, ಕೋರ್ಟಿದೆ, ಪತ್ರಿಕೆ ಇದೆ. ಬಾಂಬ್ ಇಟ್ಟೋನಿಗೆ ಇವೆಲ್ಲ ಎಲ್ಲಿವೆ?"

"ಹನ್ನೊಂದು ಹತ್ತಕ್ಕೆ ಗುರಿ ಟ್ಯಾಂಕು. ಒಪ್ಪಿದೆ," ಎಂದೆ. "ಹನ್ನೊಂದು ಐವತ್ತಕ್ಕೆ ಟ್ಯಾಂಕು ನಲವತ್ತು ನಿಮಿಷಗಳಿಂದ ಉರಿಯುತ್ತಿತ್ತು. ಉರಿಯುತ್ತಿರುವುದಕ್ಕೆ ಬೆಂಕಿ ಹಚ್ಚಲು ಯಾರೂ ಕ್ಷಿಪಣಿ ಕಳಿಸುವುದಿಲ್ಲ. ಆಗ ಅಲ್ಲಿ ಹೊಸದಾಗಿ ಬಂದು ಸೇರಿದ್ದವರು ನೀರು ತಂದವರು ಮಾತ್ರ. ಉಳಿದ ದುಡಿಮೆಗಾರರಿಗೆ ಇದು ಎಚ್ಚರಿಕೆ ಎಂದು ಅವರೇ ಬರೆದುಕೊಟ್ಟಿದ್ದಾರೆ. ಸಂಸತ್ತು ಇದೆ ಎಂದಿರಿ. ಈ ಅಡುಗೆಯವರ ಬಗ್ಗೆ ಅಲ್ಲಿ ಯಾರಾದರೂ ಕೇಳಿದ ದಾಖಲೆ ಇದ್ದರೆ ಕೊಡಿ, ಪುಟದಲ್ಲಿ ಸೇರಿಸುತ್ತೇನೆ."

ಪ್ರತಿಯೊಂದು ಯುದ್ಧವೂ, ಪ್ರತಿಯೊಂದು ವಿದೇಶಾಂಗ ನೀತಿಯೂ ಭಯೋತ್ಪಾದನೆ ಎನ್ನುವವನು ನಾನಲ್ಲ. ಆದರೆ ಕೆಲವರನ್ನು ಕೊಂದು ಉಳಿದವರನ್ನು ಹೆದರಿಸಿದೆವು ಎಂದು ಕೊಂದವರೇ ಬರೆದಿರುವಾಗ, ಅವರ ಬಳಿ ಧ್ವಜವಿದೆ ಎಂಬ ಕಾರಣಕ್ಕೆ ಅದಕ್ಕೊಂದು ಸಭ್ಯ ಹೆಸರು ಹುಡುಕಿಕೊಡುವುದು ನನ್ನಿಂದಾಗದ ಕೆಲಸ.

ಅಧ್ಯಕ್ಷರು ಜಾಣತನದಿಂದ ದಾರಿ ತಪ್ಪಿಸಿದರು. "ಆಯ್ತು ಮಾಷ್ಟ್ರೇ. ಅಕಾರಾದಿಯಲ್ಲಿ ಈ ಪುಟ ಯಾರ ನಂತರ ಬರ್ತದೆ?"

ನೋಡಿದೆ. ಠಾಕುರ್ಲಿಯ ಒಬ್ಬ ಹುಡುಗಿಯ ನಂತರ.

"ಅವಳ ಅಪ್ಪ ಓದಬೇಕು ಅಲ್ಲವಾ? ಆ ಮುದುಕರು ಓದ್ತೇನೆ ಅಂದ್ರೆ ನನ್ನದೂ ಒಪ್ಪಿಗೆ." ಅವರ ಮುಖದಲ್ಲಿ ನಿಶ್ಚಿಂತೆಯ ನಗೆ ಇತ್ತು. ಠಾಕುರ್ಲಿಯ ಆ ತಂದೆ ಉಗ್ರರ ಹೆಸರೆತ್ತಿದರೆ ಸಭೆಯಲ್ಲೇ ಉಗುಳುವವರೆಂದು ಎಲ್ಲರಿಗೂ ಗೊತ್ತಿತ್ತು.

ಅವರು ವಿಜಯಪುರ ಜಿಲ್ಲೆಯವರು, ರೈಲ್ವೆಯಿಂದ ನಿವೃತ್ತರು. ಬಸ್ ನಿಲ್ದಾಣದ ಬಳಿ ಇಟ್ಟಿದ್ದ ಬಾಂಬಿಗೆ ಮಗಳು ಬಲಿಯಾಗಿದ್ದಳು. ಭಾನುವಾರ ಬೆಳಗ್ಗೆ ಹೋದೆ. ವಿಷಯ ಕೇಳಿದೊಡನೆ ಕುರ್ಚಿಯಿಂದ ಎದ್ದುಬಿಟ್ಟರು.

"ನನ್ನ ಮಗಳ ಹಾಳಿ ಮಗ್ಗಲಕ ಅವನ ಹಾಳಿ? ಏನ್ರಿ ಸರ, ಕಲತಾವ್ರು ನೀವು! ಉಗ್ರರಿಗೆ ಅನ್ನಾ ಮಾಡಿ ಹಾಕಾಂವ ಅಂತ ಪೇಪರಿನ್ಯಾಗ ಬಂದಿತ್ತಲ್ಲ?"

"ಕೂಲಿಗಾರರಿಗೆ ಮಾಡುತ್ತಿದ್ದರು. ಕೆಲಸ ಕೊಟ್ಟ ಕಂಪನಿಯ ಪತ್ರ ನನ್ನ ಹತ್ತಿರ ಇದೆ."

"ಕಾಗದಾ ಎಲ್ಲಾರ ಕಡೇನೂ ಇರ್ತಾವ. ಅಷ್ಟ ದೊಡ್ಡ ದೇಶ ಸುಮ್ಮಸುಮ್ಮನ ಹೊಡೀತೈತೇನು?"

ಇದೇ ಮಾತನ್ನು ಘಣಸೋಲಿಯ ಮೆಟ್ಟಿಲಲ್ಲಿ ಮರಾಠಿಯಲ್ಲಿ ಕೇಳಿದ್ದೆ. ವಾದಿಸಲು ಮನಸ್ಸಾಗಲಿಲ್ಲ. ಅಡುಗೆಯವರ ಹೆಂಡತಿಯ ಒಪ್ಪಿಗೆ ಪಡೆದು ನನ್ನ ಫೋನಿಗೆ ತೆಗೆದುಕೊಂಡಿದ್ದ ಸಂದೇಶವನ್ನು ಕೇಳಿಸಿದೆ. ಅವರು ನಿಂತೇ ಕೇಳಿದರು. ಮತ್ತೊಮ್ಮೆ ಹಚ್ಚಲು ಹೇಳಿದರು.

"ಎರಡನೇದು ಯಾವಾಗ ಬಿತ್ತು?"

"ಇದನ್ನು ಕಳಿಸಿ ಹದಿನೈದು ನಿಮಿಷಕ್ಕೆ."

ಹೊರಗೆ ಕಲ್ಯಾಣದ ಕಡೆಗೆ ಒಂದು ಗಾಡಿ ಹಾದುಹೋಯಿತು.

"ಅವತ್ತ ನಾ ಮಗಳನ್ನ ಹುಡುಕ್ಕೋತ ಹೋದಾಗ ಅಲ್ಲೊಂದು ಚೀಲ ಬಿದ್ದಿತ್ರಿ," ಎಂದರು. "ಅದರ ಬಾಜೂಕ ನಿಂತು ಅಕಿನ್ನ ಒದರಾಕ ಹತ್ತಿದ್ದೆ. ಪೊಲೀಸರು ಬಂದು ನನ್ನ ದರದರ ಎಳದು ಒಗದರು. ಅದು ಎರಡನೇ ಬಾಂಬ್. ಯಾಕೋ ಸಿಡೀಲಿಲ್ಲ. ಆಮ್ಯಾಲ ಸಾಹೇಬ ಹೇಳಿದ: ಮದಲನೇದು ಸಿಕ್ಕವರಿಗೆ ಕಾಕಾ, ಎರಡನೇದು ನಿಮ್ಮಂಥವರಿಗೆ, ಹುಡುಕ್ಕೋತ ಬರೋರಿಗೆ."

ಅವರು ಉಗುಳಲಿಲ್ಲ. ಕುರ್ಚಿಯಲ್ಲಿ ಕುಳಿತರು.

"ಓದತೀನಿ. ಆದ್ರ ಒಂದ ಮಾತು. ನನ್ನ ಮಗಳ ಹಾಳ್ಯಾಗ ಕೊಂದವರ ಹೆಸರು ಐತಿ. ಈ ಮನಶ್ಯಾಗೂ ಇರಬೇಕು. ಹೆಸರು ಬಿಟ್ಟ್ರಿ ಅಂದ್ರ ನಾ ಓದಾಂವಲ್ಲ."

ಅಧ್ಯಕ್ಷರಿಗೆ ಇದನ್ನು ತಿಳಿಸಲು ಅವರ ಹೋಟೆಲಿಗೇ ಹೋದೆ. ಹಣದ ಗಲ್ಲೆಯಲ್ಲಿ ಕುಳಿತಿದ್ದ ಅವರೇ ನನ್ನನ್ನು ಒಳಗಿನ ಮೇಜಿಗೆ ಕರೆದುಕೊಂಡು ಹೋಗಿ ಕೂರಿಸಿದರು. ಪುಟಕ್ಕೆ ಒಪ್ಪಿದರು, ಹೆಸರಿಗೆ ಒಪ್ಪಲಿಲ್ಲ.

"ಆ ಅಂಕಣ ಖಾಲಿ ಬಿಡಿ ಮಾಷ್ಟ್ರೇ. ನಮ್ಮ ಹುಡುಗರು ಆ ದೇಶಕ್ಕೆ ಹೋಗಿ ಬರುವವರು. ನಾಳೆ ವೀಸಾದಲ್ಲಿ ಲಫಡಾ ಆದ್ರೆ? ಈಗ ಅವರು ಎಲ್ಲಾ ನೋಡ್ತಾರಂತೆ."

"ಕನ್ನಡ ಪುಸ್ತಕವನ್ನೂ?"

"ಮೆಲ್ಲಗೆ ಮಾತಾಡಿ ಮಾರಾಯ್ರೆ."

ಘೋಡಬಂದರ್ ರಸ್ತೆಯ ತನ್ನದೇ ಹೋಟೆಲಿನಲ್ಲಿ, ತನ್ನದೇ ಜನರ ನಡುವೆ ಕುಳಿತ ಮನುಷ್ಯ ಸಾವಿರಾರು ಮೈಲಿ ದೂರದ ಒಂದು ಸರ್ಕಾರಕ್ಕೆ ಕೇಳಿಸೀತೆಂದು ದನಿ ತಗ್ಗಿಸಿದ್ದರು. ಭಯೋತ್ಪಾದನೆಯ ವ್ಯಾಖ್ಯೆಗಾಗಿ ನಾನು ನಿಘಂಟುಗಳನ್ನು ತಿರುವಿ ಹಾಕಿದ್ದೆ. ಅದು ಎದುರಿನ ಕುರ್ಚಿಯಲ್ಲಿ ಕಾಫಿ ಕುಡಿಯುತ್ತಿತ್ತು.

ತೀರ್ಮಾನ ಅಲ್ಲಿಯೇ ಆಯಿತು. "ಒಂದು ಪುಟದಲ್ಲಿ ಆ ಅಂಕಣ ಖಾಲಿಯಾದರೆ ಎಲ್ಲ ಪುಟಗಳಲ್ಲೂ ಖಾಲಿಯಾಗುತ್ತದೆ," ಎಂದೆ. "ಯಾರನ್ನು ಯಾರೂ ಕೊಲ್ಲಲಿಲ್ಲ ಎಂಬಂತೆ ಪುಸ್ತಕ ತರೋಣ. ಕುಟುಂಬಗಳಿಗೆ ಕಾರಣವನ್ನು ನೀವು ಹೇಳಿ."

"ಎಂತ, ಕ್ಲಾಸಿನಲ್ಲಿದ್ದೀರಿ ಅಂತ ತಿಳ್ಕೊಂಡ್ರಾ?"

"ಕ್ಲಾಸಿನಲ್ಲಾಗಿದ್ದರೆ ನಿಮ್ಮನ್ನು ನಿಲ್ಲಿಸುತ್ತಿದ್ದೆ."

ಅಧ್ಯಕ್ಷರು ಎದ್ದು ಗಲ್ಲೆಗೆ ಮರಳಿದರು. ಎರಡು ದಿನಗಳ ನಂತರ ಅವರಿಂದ ಒಂದು ಸಾಲಿನ ಸಂದೇಶ ಬಂತು: ಅಚ್ಚು ಮಾಡಿ, ಕೃತಜ್ಞತೆಯ ಪುಟದಿಂದ ನನ್ನ ಹೋಟೆಲಿನ ಹೆಸರು ತೆಗೆಯಿರಿ. ತೆಗೆದೆ. ಸಲಹೆಗಾರರು ತಮ್ಮ ವಿರೋಧ ನಡಾವಳಿಯಲ್ಲಿ ಇರಲಿ ಎಂದರು; ಅವರ ಮಾತುಗಳಲ್ಲೇ ಬರೆದುಕೊಂಡೆ.

ಬಿಡುಗಡೆ ಸಂಘದ ಕೋಣೆಯಲ್ಲೇ ನಡೆಯಿತು. ಅಧ್ಯಕ್ಷರಿಗೆ ಜ್ವರವೆಂದು ಸುದ್ದಿ ಬಂತು. ಠಾಕುರ್ಲಿಯ ತಂದೆ ಕನ್ನಡಕ ಹಾಕಿಕೊಂಡು, ಬೆರಳಿಟ್ಟುಕೊಂಡು, ಉದ್ದಿನಕಾಳು ಆರಿಸುವವರಂತೆ ಒಂದೊಂದೇ ಶಬ್ದ ಓದಿದರು. ಹೆಸರು, ಸ್ಥಳ, ದಿನ ಆಯಿತು. ಕೊಂದವರು ಎಂದು ಓದಿ, ಆ ದೇಶದ ಹೆಸರನ್ನು ಏರಿಳಿತವಿಲ್ಲದೆ ಹೇಳಿ, ಪುಸ್ತಕವನ್ನು ಮುಚ್ಚಿದರು. ಕಲ್ಯಾಣದ ಒಂದು ಕುಟುಂಬ ಎದ್ದು ಹೊರಗೆ ಹೋಯಿತು. ಅವರು ಓದಬೇಕಿದ್ದ ಪುಟವನ್ನು ಕೊನೆಯಲ್ಲಿ ನಾನು ಓದಬೇಕಾಯಿತು. ಘಣಸೋಲಿಯ ಹೆಂಗಸು ತನ್ನ ಸರದಿ ಬಂದಾಗ, ತನಗೆ ಪರಿಚಯವೇ ಇಲ್ಲದ ಒಬ್ಬ ಬ್ಯಾಂಕು ನೌಕರನ ಪುಟವನ್ನು ಎಲ್ಲಿಯೂ ತಡವರಿಸದೆ ಓದಿದರು.

ಕುರ್ಚಿಗಳನ್ನು ಮಡಚಿಡುತ್ತಿದ್ದಾಗ ಅವರ ಮಗಳು ಪುಸ್ತಕ ಹಿಡಿದು ನನ್ನ ಬಳಿ ಬಂದಳು. ಅವಳಿಗೆ ಕನ್ನಡ ಓದಲು ಬಾರದು.

"ಸರ್, ಇಸ್‌ಮೇ ನಾಮ್ ಕೌನ್ಸಾ ಹೈ?"

ಅವಳ ತಂದೆಯ ಹೆಸರಿನ ಮೇಲೆ ಬೆರಳಿಟ್ಟೆ.

"ಪಪ್ಪಾ ಕಾ ನಹೀ. ಉನ್ಕಾ ತೋ ಫೋಟೋ ಹೈ. ಉನ್ ಲೋಗೋಂ ಕಾ, ಜಿನ್ಹೋನೇ ಮಾರಾ."

ಕೊಂದವರ ಹೆಸರಿದ್ದ ಕೊನೆಯ ಅಂಕಣವನ್ನು ತೋರಿಸಿದೆ. ಅವಳು ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು, ಆ ಅಕ್ಷರಗಳನ್ನು ಒಂದೊಂದಾಗಿ ನೋಡಿದಳು.

"ಬಸ್? ಇತ್ನಾ ಛೋಟಾ ನಾಮ್?"